ತಗಡಿನ ಹಿಂದಿನ ಗಾಳಿ

ಬೇಕರಿಯ ಓವನ್ನಿನೊಳಗೆ ಗಾಳಿ ಹೇಗೆ ತಿರುಗುತ್ತದೆ ಎಂಬುದನ್ನು ಕತೆ ಎಂದು ಹೇಳಲು ಹೊರಟಿದ್ದೇನೆ. ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಕತೆ ಓದುವವರು ಇದರಲ್ಲಿ ಏನಿದೆ ಎಂದು ಕೇಳಬಹುದು, ಓವನ್ ಬಲ್ಲವರು ಇದರಲ್ಲಿ ತಪ್ಪಿದೆ ಎನ್ನಬಹುದು, ಹೊಳೆನರಸೀಪುರದ ಕಡೆಯವರು ಇದು ಯಾರ ಮನೆಯ ವಿಚಾರ ಎಂದು ಹುಡುಕಲು ಹೊರಡಬಹುದು. ಯಾರಿಗೂ ತಕ್ಕ ಉತ್ತರ ನನ್ನಲ್ಲಿಲ್ಲ. ಇನ್ನೊಬ್ಬನ ಮನಸ್ಸಿನೊಳಗೆ ಕೈಹಾಕಿ ಅಲ್ಲಿ ಹೀಗಿತ್ತು ಎನ್ನುವುದು ಉದ್ಧಟತನವೂ ಹೌದು. ಆದರೂ ಸುದರ್ಶನನ ಆ ಒಂದು ದಿನವನ್ನು ಹೇಳದೆ ಬಿಟ್ಟರೆ ನನಗೇ ಸಮಾಧಾನವಿಲ್ಲ.

ಬಸ್ಸು ಹಾಸನ ಬಿಟ್ಟು ಎಷ್ಟು ದೂರ ಬಂದರೂ ಸುದರ್ಶನ ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ, ಪಕ್ಕದವರು ಮೊಬೈಲಿನಲ್ಲಿ ಮುಳುಗಿದ್ದರು. ಆದರೆ ಬೆಳಿಗ್ಗೆ ಹೆಂಡತಿ ಅನುಶ್ರೀ ಆಮ್ಲೆಟ್ ಹಾಕಿಕೊಟ್ಟಿದ್ದಳು, ಇವತ್ತು ಬೇಡ ಕಣೆ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಅರ್ಧ ಹೊಟ್ಟೆಗೆ ಹೋಗಿತ್ತು. ಬಾಯಿ ಮುಕ್ಕಳಿಸಿ, ಹಲ್ಲುಜ್ಜಿ, ಏಲಕ್ಕಿ ಅಗಿದು, ಮತ್ತೆ ಮುಕ್ಕಳಿಸಿದ್ದ. 'ಓವನ್ ರಿಪೇರಿ ಮಾಡಕ್ಕೆ ಹೋಗ್ತಿದ್ದೀರೋ ಹೆಣ್ಣು ನೋಡಕ್ಕೋ?' ಎಂದು ಅವಳು ನಕ್ಕಿದ್ದಳು. ರಿಪೇರಿಯಾಗಿದ್ದರೆ ಅವನಿಗೆ ಭಯವಿರಲಿಲ್ಲ. ಗಂಗಾಂಬಿಕಾ ಬೇಕರಿಯ ಸಿದ್ದೇಶ್ವರ ಹಿಂದಿನ ದಿನ ಫೋನು ಮಾಡಿ, 'ನಿಮ್ ಮಿಷಿನ್ ಕೆಟ್ಟಿಲ್ಲ ಕಣ್ರೀ, ನಮ್ ಮನೆ ಕೆಟ್ಟದೆ. ಬನ್ನಿ' ಎಂದಿದ್ದ. ಮನೆ ಕೆಡಲು ಕಾರಣ ತನ್ನ ಬಾಯಿ ಎಂದು ಸುದರ್ಶನನಿಗೆ ಗೊತ್ತಿತ್ತು. ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುವುದು ಅವನ ಹಳೆಯ ರೋಗ. ಹಗಲು ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುವಾಗ, ತೂಕಡಿಸುವ ತರಗತಿಯಲ್ಲಿ ಅವನೊಬ್ಬನೇ ಕೈಯೆತ್ತಿ ಸಂದೇಹ ಕೇಳುತ್ತಿದ್ದ. ಮನೆಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆಂದು ಉಳಿದವರು ಹಲ್ಲು ಕಡಿಯುತ್ತಿದ್ದರು. ಅರ್ಧ ತಿಳಿದದ್ದನ್ನು ಹೇಳುವುದು ಸುಳ್ಳಿಗೆ ಸಮ ಎಂದು ಆಗ ಎಲ್ಲೋ ಮನಸ್ಸಿಗೆ ಹತ್ತಿಬಿಟ್ಟಿತ್ತು. ಸಂಜೆ ಕಲಿತವನ ತಿಳಿವಳಿಕೆ ಹಗಲು ಕಲಿತವರ ಮುಂದೆ ಸ್ವಲ್ಪ ಮಬ್ಬು ಎಂಬ ಅಳುಕೂ ಜೊತೆಗಿತ್ತು, ಅದಕ್ಕೇ ಅವನು ಒಂದು ಮಾತಿಗೆ ನಾಲ್ಕು ಮಾತು ಸೇರಿಸುತ್ತಿದ್ದ.

ಹೋದ ವಾರ ಓವನ್ ಕೂರಿಸಿದ ದಿನವೂ ಹಾಗೆಯೇ ಆಯಿತು. ಬೇಕರಿಯ ಹಿಂದೆಯೇ ಸಿದ್ದೇಶ್ವರನ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅವನ ತಾಯಿ ಗಂಗಾಂಬಿಕೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಿವಿ ಮಾತ್ರ ಹದಿನಾರರ ಹುಡುಗಿಯದು. ಅಡುಗೆಮನೆಯ ಪಿಸುಮಾತು ಅಂಗಡಿಯಲ್ಲಿ ಕೂತ ಅವರಿಗೆ ಕೇಳುತ್ತಿತ್ತಂತೆ. ಮೊಸರು ಹಾಕಿ ಮಾಡುವ ಮೊಟ್ಟೆಯಿಲ್ಲದ ಕೇಕು ಅವರ ಕೈಯದೇ ಹದ. ಆ ಹದಕ್ಕಾಗಿಯೇ ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಅವರ ಜನ ಮದುವೆಗೆ, ದೀಕ್ಷೆಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಇಲ್ಲಿಗೇ ಬರುತ್ತಿದ್ದರು. ಮೊಟ್ಟೆ ಕೇಕು, ಎಗ್ ಪಫ್ ಕೂಡ ಅಂಗಡಿಯಲ್ಲಿ ಇದ್ದವು. ಅವಕ್ಕೆ ಮೊಟ್ಟೆ ಒಡೆಯುವುದೆಲ್ಲ ಹಿತ್ತಲಿನ ಶೀಟಿನ ಕೆಳಗೆ, ಮಂಚಯ್ಯ ಎಂಬ ಕೆಲಸದವನ ಕೈಯಲ್ಲಿ. 'ಮಾರೋದು ಯಾಪಾರ, ತಿನ್ನೋದು ಆಚಾರ. ಎಲ್ಡೂ ಬ್ಯಾರೆ ಬ್ಯಾರೆ ಕಣ್ರೀ' ಎಂದು ಸಿದ್ದೇಶ್ವರ ಹೇಳುತ್ತಿದ್ದ. ಹೊಸ ಓವನ್ನಿನ ಗಾಜಿನ ಬಾಗಿಲಿನೊಳಗೆ ಮೇಲೆ ಮೊಟ್ಟೆಯಿಲ್ಲದ, ಕೆಳಗೆ ಮೊಟ್ಟೆಯ ತಟ್ಟೆಗಳು ಒಟ್ಟಿಗೆ ಬೇಯುವುದನ್ನು ನೋಡುತ್ತ ಗಂಗಾಂಬಿಕೆ ಕೇಳಿದ್ದರು: 'ಅಲ್ಲಪ್ಪಾ, ಬೆಂಕಿ ಕಾಣಾಕಿಲ್ಲ, ಕೆಂಡ ಕಾಣಾಕಿಲ್ಲ. ಎಂಗ್ ಬೇಯ್ತದೆ ಇದು?'

ಬಿಸಿಯಲ್ಲಿ ಬೇಯುತ್ತದೆ ಅಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಸುದರ್ಶನ ಓವನ್ ಆರಿಸಿ, ತಣಿಯಲು ಬಿಟ್ಟು, ಒಳಗಿನ ಹಿಂಬದಿಯ ತಗಡಿನ ಸ್ಕ್ರೂ ಬಿಚ್ಚಿ ತೋರಿಸಿದ. ಇದು ಫ್ಯಾನು, ಇದರ ಸುತ್ತ ಬಳೆಯಂತೆ ಇರುವುದು ಕಾಯಿಲು, ಕರೆಂಟಿನಿಂದ ಕಾಯುವ ಸುರುಳಿ. ಫ್ಯಾನು ನಡುವಿನ ಜಾಲರಿಯಿಂದ ಒಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ, ಕಾಯಿಲಿನ ಮೇಲೆ ಹಾಯಿಸಿ ಕಾಯಿಸುತ್ತದೆ, ತಗಡಿನ ಎರಡು ಅಂಚಿನ ಸೀಳುಗಳಿಂದ ಮತ್ತೆ ಒಳಗೆ ತಳ್ಳುತ್ತದೆ. ಆ ಗಾಳಿ ಪ್ರತಿ ತಟ್ಟೆಯ ಮೇಲೂ ಸವರಿಕೊಂಡು ಹೋಗಿ ಪುನಃ ನಡುವಿಗೇ ಬರುತ್ತದೆ. ಹೆಚ್ಚಾದ ಹಬೆ ಮಾತ್ರ ಮೇಲಿನ ಕಿಂಡಿಯಿಂದ ಹೊರಗೆ. ಇಷ್ಟಕ್ಕೂ ಬಿಡದೆ ತಗಡು ಕೂರಿಸಿ, ದೇವರ ಗೂಡಿನಿಂದ ಒಂದು ಊದುಬತ್ತಿ ಇಸಿದುಕೊಂಡು ಹಚ್ಚಿದ. ಬಾಗಿಲು ತೆರೆದರೆ ಫ್ಯಾನು ತಾನಾಗಿ ನಿಲ್ಲುವಂತೆ ಚೌಕಟ್ಟಿನಲ್ಲಿ ಒಂದು ಗುಬುಟು, ಒತ್ತುವ ಗುಂಡಿ, ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಾಗಿಲು ತೆರೆದಿದ್ದರೂ ಫ್ಯಾನು ತಿರುಗುತ್ತದೆ. ಹಾಗೆ ಒತ್ತಿ ಹಿಡಿದು ಊದುಬತ್ತಿಯನ್ನು ಕೆಳಗಿನ ತಟ್ಟೆಯ ಹತ್ತಿರ ತಂದ. ಹೊಗೆ ನಡುವಿಗೆ ಓಡಿ, ಮಾಯವಾಗಿ, ಅರೆಕ್ಷಣದಲ್ಲಿ ಮೇಲಿನ ತಟ್ಟೆಯ ಪಕ್ಕದಿಂದ ಹೊರಬಂತು. ಎಷ್ಟು ಚೆಂದ! ಕಾಲೇಜಿನಲ್ಲಿ ಚಿತ್ರ ಬರೆದು ಬಾಣ ಹಾಕಿದ್ದೇ ಹೊರತು ಯಾರೂ ಹೀಗೆ ತೋರಿಸಿರಲಿಲ್ಲ. ಹೆಮ್ಮೆಯಿಂದ ತಿರುಗಿ ನೋಡಿದರೆ ಗಂಗಾಂಬಿಕೆಯ ಪಕ್ಕದಲ್ಲಿ ಅವರ ಬೀಗರು ಚಂದ್ರಯ್ಯ ನಿಂತಿದ್ದರು. ಸಿದ್ದೇಶ್ವರನ ಹೆಂಡತಿ ಪ್ರತಿಭಾಳ ತಂದೆ, ಚನ್ನರಾಯಪಟ್ಟಣದವರು, ಸರ್ಕಾರಿ ಕಚೇರಿಯಿಂದ ನಿವೃತ್ತರಾದರೂ ಆಕ್ಷೇಪಣೆಯಿಂದ ನಿವೃತ್ತರಾಗದವರು. ಅವರು ಮೆಲ್ಲಗೆ, ತುಂಬ ಮೆಲ್ಲಗೆ ಕೇಳಿದರು: 'ಅಂದರೆ ಇಂಜಿನಿಯರ್ರೇ, ಕೆಳಗಿನ ಮೊಟ್ಟೆ ಗಾಳಿಯೇ ಮೇಲಿನ ಕೇಕಿಗೂ ಹೋಗುತ್ತೆ ಅಂದಹಾಗಾಯ್ತು?'

ಅಂದು ಹೌದು ಎಂದುಬಿಟ್ಟಿದ್ದ ಸುದರ್ಶನ ಹೊಳೆನರಸೀಪುರದಲ್ಲಿ ಬಸ್ಸಿಳಿದು ನಡೆಯುವಾಗ ಅದಕ್ಕೆ ಕೊಡಬಹುದಾಗಿದ್ದ ಬೇರೆ ಬೇರೆ ಉತ್ತರಗಳನ್ನು ಜೋಡಿಸಿ ನೋಡಿದ. ಯಾವುದೂ ಸುಳ್ಳಾಗದೆ ನಿಲ್ಲಲಿಲ್ಲ. ಅವನು ಕೆಲಸ ಮಾಡುವ ಹಾಸನದ ಓವನ್ ಅಂಗಡಿಯ ಮಾಲೀಕ ರಜನೀಶ್ ಬೆಳಿಗ್ಗೆಯೇ ಫೋನಿನಲ್ಲಿ ದಾರಿ ಹೇಳಿಕೊಟ್ಟಿದ್ದ: 'ಫಿಲ್ಟರ್ ಇದೆ ಅನ್ನಯ್ಯ, ಮುಗೀತು. ಮೊಟ್ಟೆ ಫಿಲ್ಟರ್.' ಅಂಥದ್ದು ಇಲ್ಲವಲ್ಲ ಸಾರ್ ಎಂದಿದ್ದಕ್ಕೆ, 'ಇಲ್ಲ ಅಂತ ಅವರಿಗೇನು ಗೊತ್ತು? ನೋಡು, ಆ ಓವನ್ ವಾಪಸ್ ಬಂದ್ರೆ ಅದರ ಜೊತೆ ನೀನು ವಾಪಸ್ ಬರಬೇಡ' ಎಂದು ಇಟ್ಟಿದ್ದ. ಇವತ್ತು ಸಂಜೆ ಸಿದ್ದೇಶ್ವರನ ಮಗಳು ಪ್ರೇಕ್ಷಾಳ ಹುಟ್ಟುಹಬ್ಬ. ನೆಂಟರೆಲ್ಲ ಸೇರುತ್ತಾರೆ. ತಾತ ಚಂದ್ರಯ್ಯ ಮೊಮ್ಮಗಳ ಕೇಕು ಬೇಡವೆಂದು ಕೈ ಅಡ್ಡ ಹಿಡಿದರೆ ಆ ಸುದ್ದಿ ನಾಳೆ ಹೊತ್ತಿಗೆ ಮೂರು ತಾಲ್ಲೂಕು ಮುಟ್ಟುತ್ತದೆ, ಗಂಗಾಂಬಿಕೆಯ ಹೆಸರಿನ ಕೇಕನ್ನು ಅವರ ಜನ ಮುಟ್ಟುವುದಿಲ್ಲ, ಓವನ್ ಹಾಸನಕ್ಕೆ ವಾಪಸ್ಸು, ತಾನು ಹುಟ್ಟೂರು ಹಳೇಕೋಟೆಗೆ ವಾಪಸ್ಸು. ಒಂದು ಊದುಬತ್ತಿಯಿಂದ.

ಬೇಕರಿಯಲ್ಲಿ ಚಂದ್ರಯ್ಯ ಆಗಲೇ ವಿಚಾರಣೆ ನಡೆಸುತ್ತಿದ್ದರು. ಪ್ರತಿಭಾ ಎಲ್ಲರಿಗೂ ಕಾಫಿ ತಂದಳು. ಅವರಿಗೆಲ್ಲ ಸ್ಟೀಲ್ ಲೋಟ, ಸುದರ್ಶನನಿಗೆ ಪೇಪರ್ ಕಪ್ಪು. ಹೊರಗಿನವರಿಗೆ ಅನುಕೂಲ ಎಂದು ಕೊಟ್ಟಿರಬಹುದು, ತೊಳೆಯುವ ಕೆಲಸ ಉಳಿಯಲೆಂದು ಇರಬಹುದು, ತಾನು ವಿಪರೀತ ಯೋಚಿಸುತ್ತಿರಬಹುದು. ಕಪ್ಪು ಮೆತ್ತಗಾಗಿ ಬೆರಳು ಸುಡುತ್ತಿತ್ತು. ಉಗುರಿನ ಕೆಳಗೆ ಬೆಳಗಿನ ಆಮ್ಲೆಟ್ಟಿನ ಜಿಡ್ಡು ಇನ್ನೂ ಇದೆಯೆನಿಸಿ ಬೆರಳು ಮಡಚಿದ. ಮೊದಲು ಮೊಟ್ಟೆಯಿಲ್ಲದ್ದನ್ನು ಬೇಯಿಸಿ, ಅದು ಮುಗಿದ ಮೇಲೆ ಮೊಟ್ಟೆಯದ್ದು ಹಾಕಿದರಾಯಿತಲ್ಲ ಎಂದು ತೊದಲಿದ. ಹಳೆಯ ಸೌದೆ ಭಟ್ಟಿಯಲ್ಲಿ ಹಾಗೆಯೇ ನಡೆಯುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಚಂದ್ರಯ್ಯ ಅನುಕಂಪದಿಂದ ನಕ್ಕರು. 'ಭಟ್ಟಿ ಬೇರೆ, ಇದು ಬೇರೆ. ಭಟ್ಟಿಯಲ್ಲಿ ರಾತ್ರಿಯೆಲ್ಲ ಬೆಂಕಿ. ಬೆಂಕಿ ಬಿದ್ದ ಮೇಲೆ ನಿನ್ನೆಯದು ಇವತ್ತಿಗಿಲ್ಲ, ಶುದ್ಧ. ಇದರಲ್ಲಿ ಬೆಂಕಿ ಎಲ್ಲಿದೆ? ಕಾಯಿಲು ಕೆಂಪಾಗುತ್ತೆ, ಅಷ್ಟೆ. ಕೆಂಪಾದ್ದೆಲ್ಲ ಬೆಂಕಿ ಆಗಿಬಿಡುತ್ತಾ?'

'ಅಂಗಾರೆ ಬೀಗ್ರೇ,' ಎಂದರು ಗಂಗಾಂಬಿಕೆ ಕುರ್ಚಿಯಿಂದ, 'ಚನ್ನರಾಯಪಟ್ಟಣದಿಂದ ಬಸ್ನಾಗೆ ತಾನೆ ಬಂದ್ರಿ? ಪಕ್ಕದಾಗ್ ಕುಂತೋನು ಏನ್ ತಿಂದು ಉಸ್ರು ಬುಡ್ತಿದ್ನೋ ಕೇಳಿದ್ರಾ?'

ಪ್ರತಿಭಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು. ಚಂದ್ರಯ್ಯ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂದೆ ಎಂದು ಗಂಭೀರವಾಗಿ ಹೇಳಿದರು. ಆಮೇಲೆ ಅವರೇ ಪರಿಹಾರವನ್ನೂ ಕೊಟ್ಟರು: ನಡುವೆ ಒಂದು ಅಡ್ಡ ತಗಡು. ಮೇಲಿನ ಅರ್ಧ ಅದರ ಪಾಡಿಗೆ, ಕೆಳಗಿನ ಅರ್ಧ ಅದರ ಪಾಡಿಗೆ. 'ಗೋಡೆ ಎದ್ದ ಮೇಲೆ ಎರಡು ಮನೆ ತಾನೇ? ಇಷ್ಟು ಇವರ ಕಂಪನಿಯವರಿಗೆ ಹೊಳೀಲಿಲ್ಲ.' ಸಿದ್ದೇಶ್ವರನ ಮುಖ ಅರಳಿತು. ಸುದರ್ಶನ ಮಾತ್ರ ತಗಡಿನ ಹಿಂದೆ ಇದ್ದ. ಅವನ ಮನಸ್ಸು ಹಿಂಬದಿಯ ಆ ಕಿರಿದಾದ ಜಾಗಕ್ಕೆ ಹೋಗಿ ಕೂತುಬಿಟ್ಟಿತ್ತು. ಮುಂದೆ ಎಷ್ಟು ಗೋಡೆ ಕಟ್ಟಿದರೂ ಫ್ಯಾನು ಒಂದೇ. ಮೇಲಿನ ಮನೆಯ ಗಾಳಿಯೂ ಕೆಳಗಿನ ಮನೆಯ ಗಾಳಿಯೂ ಹಿಂದೆ ಹೋಗಿ, ಯಾರಿಗೂ ಕಾಣದ ಕಡೆ ಒಂದಾಗಿ, ಒಂದೇ ಕಾಯಿಲಿಗೆ ಮೈ ಕಾಯಿಸಿಕೊಂಡು, ಪುನಃ ತಮ್ಮ ತಮ್ಮ ಮನೆಗೆ ಸಂಭಾವಿತರಂತೆ ಬರುತ್ತವೆ. ಹಳೇಕೋಟೆಯಲ್ಲಿ ಭಾನುವಾರ ಹಿತ್ತಲ ಒಲೆಯಲ್ಲಿ ಬಾಡಿನ ಸಾರು ಕುದಿಯುವಾಗ ಅವ್ವ ಚಿಕ್ಕಲಕ್ಷ್ಮಮ್ಮ ದೇವರ ಮನೆಯ ಬಾಗಿಲು ಎಳೆದು, ಸಂದಿಗೆ ಒದ್ದೆ ಗೋಣಿಚೀಲ ತುರುಕುತ್ತಿದ್ದಳು, ದೇವರಿಗೆ ವಾಸನೆ ಹೋಗಬಾರದೆಂದು. ದೇವರ ಮನೆಗೆ ಹಿತ್ತಲ ಕಡೆಗೇ ಒಂದು ಬೆಳಕಿಂಡಿ ಇತ್ತು. ಅದನ್ನು ಅವ್ವ ಯಾಕೆ ಮುಚ್ಚಲಿಲ್ಲ? ಮುಚ್ಚಿದರೆ ದೀಪದ ಹೊಗೆ ಕಟ್ಟುತ್ತದೆ ಎಂದಿರಬಹುದು. ಅಥವಾ ದೇವರೂ ಭಾನುವಾರವೊಂದಾದರೂ, ಎಂದು ಯೋಚಿಸಿ ಸುದರ್ಶನ ಗಾಬರಿಯಾಗಿ ನಿಲ್ಲಿಸಿದ. 'ಏನ್ರೀ ಸುದರ್ಶನ್, ಆಯ್ತದೆ ತಾನೆ?' ಎಂದು ಸಿದ್ದೇಶ್ವರ ಕೇಳುತ್ತಿದ್ದ. ಆಗುವುದು ಎಂದರೆ ತಗಡು ಕೂರುವುದೇ, ಗಾಳಿ ಬೇರೆಯಾಗುವುದೇ ಎಂದು ಅವನು ಬಿಡಿಸಿ ಕೇಳಲಿಲ್ಲ. ಕೂರಿಸಬಹುದು ಎಂದ. ಜೀವನದಲ್ಲಿ ಮೊದಲ ಸಲ ಒಂದು ಮಾತಿಗೆ ಒಂದೇ ಮಾತಿನ ಉತ್ತರ ಕೊಟ್ಟಿದ್ದ, ಅದೂ ಸುಳ್ಳಲ್ಲ.

ಗ್ರಿಲ್ ಅಂಗಡಿಯವನು ಸ್ಟೀಲ್ ತಗಡು ಕತ್ತರಿಸಿ ತಂದ. ಸುದರ್ಶನ ಅದನ್ನು ಒಳಗೆ ತಳ್ಳಿ, ಅಂಚು ಬಿಗಿದು, ಹೊರಬರುವಷ್ಟರಲ್ಲಿ ಸಿದ್ದೇಶ್ವರ ಗಾಜಿನ ಬಾಗಿಲಿನ ಮೇಲರ್ಧಕ್ಕೆ ಹಸಿರು ಚುಕ್ಕಿಯ ಸ್ಟಿಕ್ಕರು, ಕೆಳಗರ್ಧಕ್ಕೆ ಕಂದು ಚುಕ್ಕಿಯ ಸ್ಟಿಕ್ಕರು ಅಂಟಿಸಿದ್ದ. ತಗಡಿನ ಮೇಲ್ಮೈಗೆ ವಿಭೂತಿ ಎಳೆಯಲು ಚಂದ್ರಯ್ಯ ಹೇಳಿದರು. ಕೆಳಮೈಗೆ ಏನೂ ಬೇಡವೆಂದರು. ಎಲ್ಲ ಮುಗಿದು ಸುದರ್ಶನ ಸ್ಪಾನರ್ ಒರೆಸಿ ಚೀಲಕ್ಕೆ ಹಾಕುತ್ತಿದ್ದಾಗ ಅವರು ಕೈ ಬೆನ್ನಿಗೆ ಕಟ್ಟಿ ನಿಂತು, 'ಹೋದ ಸಲ ಊದುಬತ್ತಿ ಹಿಡಿದಿರಲ್ಲ, ಅದನ್ನೊಮ್ಮೆ ಈಗಲೂ ಹಿಡಿದುಬಿಡಿ. ಸಾಕ್ಷಿ ಇರಲಿ' ಎಂದರು.

ಊದುಬತ್ತಿ ಬಂತು. ಸಿದ್ದೇಶ್ವರ ಸುದರ್ಶನನ ಮುಖ ನೋಡಿದ, ಸುದರ್ಶನ ಗುಬುಟನ್ನು ನೋಡಿದ. ಒತ್ತಿದರೆ ಹೊಗೆ ಹಿಂದಕ್ಕೋಡಿ, ಮೇಲಿನ ಮನೆಯಿಂದ, ವಿಭೂತಿಯ ಮೇಲಿಂದ ಹೊರಗೆ ಬರುತ್ತದೆ. ಒತ್ತದಿದ್ದರೆ? ಒತ್ತಬೇಕೆಂದು ಯಾರು ಹೇಳಿದ್ದಾರೆ? ಊದುಬತ್ತಿ ಹಿಡಿಯಿರಿ ಎಂದಷ್ಟೇ ಅವರು ಹೇಳಿದ್ದು. ಎಡಗೈಯ ತೋರುಬೆರಳು ಚೌಕಟ್ಟಿನ ಹತ್ತಿರ ಹೋಗಿ, ಗುಬುಟಿನ ಪಕ್ಕದ ಬರಿ ತಗಡಿನ ಮೇಲೆ ಕೂತಿತು. ಫ್ಯಾನು ತಿರುಗಲಿಲ್ಲ. ಕೆಳಗಿನ ಮನೆಯಲ್ಲಿ ಹಿಡಿದ ಊದುಬತ್ತಿಯ ಹೊಗೆ ನೆಟ್ಟಗೆ ಎದ್ದು, ಅಡ್ಡ ತಗಡಿಗೆ ತಲೆ ತಾಗಿಸಿ, ವಿಧೇಯವಾಗಿ ಮುಂದಿನ ಬಾಗಿಲಿಗೆ ಹರಿದುಬಂತು. ಮೇಲೆ ಒಂದು ಎಳೆಯೂ ಇಲ್ಲ. 'ನೋಡಿ!' ಎಂದರು ಚಂದ್ರಯ್ಯ, ಗಾಳಿಯನ್ನು ತಾವೇ ಎರಡಾಗಿ ಸೀಳಿದವರಂತೆ. ಸಿದ್ದೇಶ್ವರ ಉಸಿರು ಬಿಟ್ಟ. ಬಾಗಿಲಲ್ಲಿ ಕೂತಿದ್ದ ಗಂಗಾಂಬಿಕೆ ಮಾತ್ರ ಕತ್ತು ಒಂದಿಷ್ಟು ಓರೆ ಮಾಡಿ, ಇಲ್ಲದ ಏನನ್ನೋ ಕೇಳಿಸಿಕೊಳ್ಳುವವರಂತೆ ಇದ್ದರು.

ಮಧ್ಯಾಹ್ನವೆಲ್ಲ ಸುದರ್ಶನ ಬೇಕರಿಯಲ್ಲೇ ಉಳಿದ. ತಗಡು ಹಾಕಿದ್ದರಿಂದ ಶಾಖದ ಅಳತೆ ತಪ್ಪುತ್ತದೆ, ಥರ್ಮೋಸ್ಟಾಟಿನ ಕಡ್ಡಿ ಮೇಲರ್ಧದಲ್ಲಿ ಮಾತ್ರ ಇದೆ, ಕೆಳಗಿನದ್ದು ಅದಕ್ಕೆ ತಿಳಿಯುವುದಿಲ್ಲ ಎಂದು ನೆಪ ಹೇಳಿದ. ನೆಪವೂ ನಿಜವೇ ಆಗಿತ್ತು. ಒಂದು ಸುಳ್ಳಿನ ಸುತ್ತ ಎಷ್ಟೊಂದು ನಿಜಗಳನ್ನು ಜೋಡಿಸಬಹುದು ಎಂದು ಅವನಿಗೆ ಅಚ್ಚರಿಯಾಯಿತು. ಆದರೆ ಆಡಿದ್ದು ಏನು? ಒಂದು ಮಾತನ್ನೂ ಆಡಿಲ್ಲ. ಬೆರಳಿನ ಸುಳ್ಳಿಗೆ ನಾಲಗೆ ಜವಾಬ್ದಾರಿಯೇ? ಹಾಸನದಲ್ಲಿ ಮೇಷ್ಟ್ರ ಮುಂದೆ ಕೈಯೆತ್ತಿ ಕೇಳಬೇಕಾದ ಸಂದೇಹ ಇದು. ಒಳಗೆ ಮೇಲೂ ಕೆಳಗೂ ಕೇಕು ಬೇಯುತ್ತಿದ್ದವು, ಗುಯ್ ಎಂದು ಫ್ಯಾನು ತಿರುಗುತ್ತಿತ್ತು, ಪ್ರತಿ ಸುತ್ತಿಗೂ ಅವನ ಎದೆಯೊಳಗೆ ಮೊಟ್ಟೆಯ ವಾಸನೆ ಮೇಲೇರಿ ಹೋದಂತಾಗುತ್ತಿತ್ತು. ಆ ಮನೆಯವರಿಗೆ ನೋವು ಮಾಡಬೇಕೆಂದು ಅವನಿಗೆ ಇರಲಿಲ್ಲ. ಅವರ ನೇಮ ಅವರದು. ನೇಮವೇ ನಗೆಪಾಟಲು ಎನ್ನುವ ಧೈರ್ಯವಿದ್ದಿದ್ದರೆ ಪಾಪಪ್ರಜ್ಞೆಯಾದರೂ ತಪ್ಪುತ್ತಿತ್ತು. ಬಾಗಿಲು ತೆಗೆದಾಗ ಕೆಳಗಿನ ಮೊಟ್ಟೆ ಕೇಕು ಗುಮ್ಮಟದಂತೆ ಉಬ್ಬಿತ್ತು, ಮೇಲಿನದು ನಡುವೆ ಕುಳಿಬಿದ್ದಿತ್ತು. ಚಂದ್ರಯ್ಯ ಬಗ್ಗಿ ನೋಡಿ ತಲೆದೂಗಿದರು. 'ಸಾತ್ವಿಕ ಆಹಾರ ಅಲ್ವಾ, ತಗ್ಗಿ ನಡೆಯುತ್ತೆ. ಕೆಳಗಿನ ತಾಮಸದ ಗರ್ವ ನೋಡಿ.' ಸಿದ್ದೇಶ್ವರ ಅವಸರವಾಗಿ ಕುಳಿಗೆ ಕ್ರೀಮು ತುಂಬಿದ.

ಸಂಜೆ ನೆಂಟರು ಬಂದರು. ನಡುಮನೆಯಲ್ಲಿ ಬಲೂನು ಕಟ್ಟಿದರು. ಸುದರ್ಶನ ಹೊರಟು ನಿಂತಾಗ ಸಿದ್ದೇಶ್ವರ ಬಿಡಲಿಲ್ಲ. ಯಾರಾದರೂ ಕೇಳಿದರೆ ಗಾಳಿ ಬೇರೆ ಎಂದು ಹೇಳಲು ಇಂಜಿನಿಯರು ಇರಲಿ ಎಂಬ ಲೆಕ್ಕ. ಗೋಡೆಗೆ ಒತ್ತಿಕೊಂಡು ನಿಂತವನನ್ನು ಗಂಗಾಂಬಿಕೆ ಕೈಸನ್ನೆ ಮಾಡಿ ಕರೆದರು. ಹತ್ತಿರ ಹೋಗಿ ಬಗ್ಗಿದ. ಅವರ ದನಿ ಅವನಿಗಷ್ಟೇ ಕೇಳುವಷ್ಟಿತ್ತು.

'ಓದ್ ವಾರ ಊದ್ಬತ್ತಿ ಇಡಿದಾಗ ಗುಯ್ ಅಂತಿತ್ತು. ಇವತ್ತು ಯಾಕಪ್ಪಾ ಸದ್ದೇ ಇಲ್ಲ?'

ಫಿಲ್ಟರು ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಅವರ ಕಣ್ಣು ಅವನ ಮೇಲೇ ಇತ್ತು, ಬೈಯುವ ಕಣ್ಣಲ್ಲ, ಹದ ನೋಡುವ ಕಣ್ಣು.

'ನಿಜ ಏಳು. ಇಂದ್ಗಡೆ ಬೆರೀತದಾ ಇಲ್ವಾ? ನೀ ಏಳಿದ್ಮ್ಯಾಲೇ ಕೇಕು ಕುಯ್ಸೋದು.'

ಎಲ್ಲರೂ ಈಗ ಅವರಿಬ್ಬರನ್ನೇ ನೋಡುತ್ತಿದ್ದರು. ಪುಟ್ಟ ಪ್ರೇಕ್ಷಾ ಪ್ಲಾಸ್ಟಿಕ್ ಚಾಕು ಹಿಡಿದು, 'ಅಜ್ಜೀ, ಕುಯ್ಲಾ?' ಎಂದಳು. ಚಂದ್ರಯ್ಯ ಕತ್ತು ಉದ್ದ ಮಾಡಿದರು. ಓವನ್ನು, ಕೆಲಸ, ರಜನೀಶ್, ಅನುಶ್ರೀಗೆ ಹೇಳಬೇಕಾದ ಮಾತು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸುದರ್ಶನ ಇನ್ನೂ ಬಗ್ಗಿ, 'ಬೆರೀತದೆ ಅಮ್ಮಾ' ಎಂದ. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. 'ತಗಡು ಹಾಕಿದ್ರೂ ಬೆರೀತದೆ. ಫ್ಯಾನು ಒಂದೇ. ನಾನು ಗುಬುಟು ಒತ್ತಲಿಲ್ಲ, ಅದಕ್ಕೇ ಸದ್ದಿಲ್ಲ. ತಪ್ಪು ನಂದು.'

ಗಂಗಾಂಬಿಕೆ ಹೂಂ ಎಂದರು. ಕರಡಿಗೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಅಂಗಡಿಯ ಆಚೆಗೂ ಕೇಳುವಂತೆ ಹೇಳಿದರು:

'ಬೆರೆಯಾಕಿಲ್ವಂತೆ ಕಣ್ರಪ್ಪಾ. ಇಂಜಿನಿಯರ್ರೇ ಏಳ್ತಾವ್ರೆ. ಕುಯ್ಯವ್ವಾ ಮಗಾ.'

ಚಪ್ಪಾಳೆ ಬಿತ್ತು. ಸುದರ್ಶನ ಬಗ್ಗಿದವನು ಬಗ್ಗಿಯೇ ಇದ್ದ. ಇಡೀ ದಿನದಲ್ಲಿ ಅವನು ಬಾಯಿಬಿಟ್ಟು ಆಡಿದ ಒಂದೇ ಒಂದು ಪೂರ್ಣ ಸತ್ಯ ಅವನ ಹೆಸರಿನಲ್ಲೇ ಸುಳ್ಳಾಗಿ ನಡುಮನೆಯಲ್ಲೆಲ್ಲ ಹರಡುತ್ತಿತ್ತು. ಇಲ್ಲಮ್ಮಾ, ನಾನು ಹಾಗೆ ಹೇಳಲಿಲ್ಲ ಎನ್ನಲು ಬಾಯಿ ತೆರೆದ, ಅದಕ್ಕೆ ಸಿದ್ದೇಶ್ವರ ಕೇಕಿನ ದೊಡ್ಡ ತುಂಡನ್ನು ತುರುಕಿ ಬೆನ್ನು ತಟ್ಟಿದ. ಚಂದ್ರಯ್ಯ ಎರಡನೆಯ ತುಂಡು ಕೇಳಿ ಹಾಕಿಸಿಕೊಂಡರು. ತಗಡಿನ ವಿಚಾರ ತಮಗೆ ಹೇಗೆ ಹೊಳೆಯಿತೆಂದು ಅರಕಲಗೂಡಿನ ನೆಂಟರೊಬ್ಬರಿಗೆ ವಿವರಿಸುತ್ತ, ಮೀಸೆಗೆ ಹತ್ತಿದ ಕ್ರೀಮನ್ನು ನಾಲಗೆಯಿಂದ ತೆಗೆದುಕೊಂಡರು. ಆ ನೆಂಟರು ಮಗನ ಮದುವೆಗೆ ಇಲ್ಲಿಂದಲೇ ಕೇಕು ಎಂದರು. ಎಲ್ಲರಿಗೂ ಹಂಚಿದ ಮೇಲೆ ಪ್ರತಿಭಾ ಅತ್ತೆಗೆ ಒಂದು ತಟ್ಟೆ ತಂದಳು. ಗಂಗಾಂಬಿಕೆ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಯಾರ ಕಡೆಗೂ ನೋಡದೆ, ಒಳಗಿನ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡರು.

ಸುದರ್ಶನ ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಅಲ್ಲಿ ನಿಂತು ಆ ಬಾಗಿಲನ್ನು ನೋಡಿದ. ಅದು ತೆರೆಯಲಿಲ್ಲ. ಆ ಮುದುಕಿ ಮೊಮ್ಮಗಳಿಗಾಗಿ ಹಾಗೆ ಹೇಳಿದರೋ, ಅಂಗಡಿಗಾಗಿಯೋ, ಬೀಗರ ಮೇಲಿನ ಸಿಟ್ಟಿಗೋ, ಅಥವಾ ಬಗ್ಗಿ ನಿಂತಿದ್ದ ಇವನ ಮೇಲಿನ ಕರುಣೆಗೋ ಗೊತ್ತಿಲ್ಲ. ಆ ತುಂಡನ್ನು ಅವರು ತಿಂದರೋ, ಕಿಟಕಿಯಾಚೆ ಕಾಗೆಗೆ ಇಟ್ಟರೋ, ಅದೂ ಗೊತ್ತಿಲ್ಲ. ಸುದರ್ಶನ ಆಮೇಲೆ ಎಷ್ಟೋ ಸಲ ಆ ಓವನ್ನಿನ ಸರ್ವಿಸಿಗೆ ಹೋದ. ಕೇಳಲಿಲ್ಲ. ಅವರೂ ಹೇಳಲಿಲ್ಲ.